ಹುಳುಮನೆಗೆ ಹೊಸ ವೈರು

ಮೇಲೂರಿನ ಅಂಚಿನಲ್ಲಿ ಮನೆ ಕಟ್ಟಿಸಿಕೊಂಡಿರುವ ಅನಂತರಾಮಯ್ಯನವರು ಒಂದು ಬೆಳಗ್ಗೆ ಸೂರ್ಯನಮಸ್ಕಾರಕ್ಕೆಂದು ಮಹಡಿ ಹತ್ತಿದವರು, ಸೂರ್ಯನಿಗೆ ಬೆನ್ನು ಹಾಕಿ ಪಕ್ಕದ ಮನೆಯ ಹಿತ್ತಿಲನ್ನೇ ನೋಡುತ್ತ ನಿಂತುಬಿಟ್ಟರು.

ಹಿತ್ತಿಲ ಶೆಡ್ಡಿನ ಮೂಲೆಯಲ್ಲಿ, ಇಟ್ಟಿಗೆ ಕಟ್ಟಿದ ಒಂದು ಪುಟ್ಟ ಚೌಕ. ಅದರ ನಡುವೆ ಹೆಡೆಯೆತ್ತಿದಂತೆ ಏನೋ ಒಂದು ನಿಂತಿತ್ತು. ಪಕ್ಕದ ಮನೆಯ ಕವಿತ ಮೇಡಂ ತುಂಬಿದ ಚೊಂಬು ಹಿಡಿದು ಬಂದರು, ಬಗ್ಗಿದರು, ಒಂದು ಹನಿಯೂ ಆಚೆ ಚೆಲ್ಲದ ಹಾಗೆ ಅದರ ಮೇಲೆ ನಿಧಾನವಾಗಿ ನೀರೆರೆದರು. ಎರೆದು ತಲೆ ತಗ್ಗಿಸಿ ಸುಮಾರು ಹೊತ್ತು ಹಾಗೇ ನಿಂತರು. ಇನ್ನೊಂದು ಚೊಂಬು ತಂದರು. ಮತ್ತೆ ಅದೇ ಭಕ್ತಿ.

ಅನಂತರಾಮಯ್ಯನವರಿಗಾದ ಸಂತೋಷ ಅಷ್ಟಿಷ್ಟಲ್ಲ. ಕವಿತ ಮೇಡಂ ಎಂದರೆ ಹೈಸ್ಕೂಲಿನ ವಿಜ್ಞಾನದ ಟೀಚರು. ಅವರ ಮನೆಯ ಹಾಲಿನಲ್ಲಿ ಬುದ್ಧನ ಪಟ, ಅಂಬೇಡ್ಕರರ ಪಟ ಬಿಟ್ಟರೆ ಮೂರನೆಯದಿಲ್ಲ. ವರ್ಷಕ್ಕೊಮ್ಮೆ ಊರಿನವರನ್ನೆಲ್ಲ ಶಾಲೆಯ ಮೈದಾನದಲ್ಲಿ ಕೂರಿಸಿ, ತೆಂಗಿನಕಾಯಿಗೆ ಬೆಂಕಿ ತಾನಾಗಿ ಹೊತ್ತಿಕೊಳ್ಳುವುದು ಹೇಗೆ, ನೀರು ರಕ್ತದ ಬಣ್ಣಕ್ಕೆ ತಿರುಗುವುದು ಹೇಗೆ ಎಂದು ಒಂದೊಂದೇ ಪವಾಡದ ಹೊಟ್ಟೆ ಬಗೆದು ತೋರಿಸುವವರು. ಅಂಥವರು ಬೆಳ್ಳಂಬೆಳಗ್ಗೆ ಕದ್ದು ನಾಗಪ್ಪನಿಗೆ ನೀರೆರೆಯುತ್ತಿದ್ದಾರೆ!

"ಅಲಮೇಲು, ಬಾ ಇಲ್ಲಿ, ಬೇಗ ಬಾರೇ."

"ಒಲೆ ಮೇಲೆ ಹಾಲಿದೆ ಕಣ್ರೀ. ಸೂರ್ಯ ಎಲ್ಲೂ ಓಡಿಹೋಗಲ್ಲ," ಎಂದರು ಕೆಳಗಿನಿಂದ ಅವರ ಹೆಂಡತಿ.

"ಸೂರ್ಯ ಅಲ್ಲವೇ! ಪಕ್ಕದ ಮನೆ ಮೇಡಂ ಕದ್ದು ಪೂಜೆ ಮಾಡ್ತಿದಾರೆ."

"ಮಾಡ್ಕೊಳ್ಳಲಿ ಬಿಡಿ. ನೀವು ಕದ್ದು ನೋಡ್ತಿದೀರಲ್ಲ, ಅದಕ್ಕೇನಂತಾರೆ?"

ಅನಂತರಾಮಯ್ಯನವರು ಇಂಥ ಪ್ರಶ್ನೆಗಳಿಗೆಲ್ಲ ಉತ್ತರ ಕೊಡುವವರಲ್ಲ. ಮತ್ತೆರಡು ಬೆಳಗ್ಗೆ ನೋಡಿ ಖಾತ್ರಿ ಮಾಡಿಕೊಂಡು, ಶಾಲು ಹೊದ್ದು, ದೊಡ್ಡಮನಸ್ಸನ್ನೂ ಹೊದ್ದು ಪಕ್ಕದ ಮನೆಗೆ ಹೋದರು. ಹಿತ್ತಿಲಲ್ಲಿ ಚೊಂಬು ಹಿಡಿದೇ ಸಿಕ್ಕಿದ ಕವಿತ ಮೇಡಂ ಹತ್ತಿರ ದನಿ ತಗ್ಗಿಸಿ ಹೇಳಿದರು:

"ಕವಿತಮ್ಮ, ನಾನು ಯಾರ ಹತ್ರಾನೂ ಬಾಯಿ ಬಿಡಲ್ಲ. ಆದ್ರೆ ಇಂಥ ಪ್ರತಿಷ್ಠೆ ಎಲ್ಲ ಶಾಸ್ತ್ರೋಕ್ತವಾಗಿ ಆಗ್ಬೇಕು. ಶಿಡ್ಲಘಟ್ಟದಲ್ಲಿ ನಮಗೆ ಬೇಕಾದ ಪುರೋಹಿತರೊಬ್ಬರಿದಾರೆ. ಒಂದು ಮಾತು ಹೇಳಿದ್ರೆ..."

"ಯಾವ ಪ್ರತಿಷ್ಠೆ ಸಾರ್?"

"ಅದೇ... ಅಲ್ಲಿ ಮೂಲೇಲಿ."

ಕವಿತ ಒಮ್ಮೆ ಮೂಲೆಯನ್ನು, ಒಮ್ಮೆ ಚೊಂಬನ್ನು, ಒಮ್ಮೆ ಅವರ ಶಾಲನ್ನು ನೋಡಿದರು. ತುಟಿಯ ಕೊನೆಯಲ್ಲಿ ಬಂದ ನಗುವನ್ನು ಅಲ್ಲಿಯೇ ತಡೆದರು.

"ಸಾರ್, ಅದು ಅರ್ಥಿಂಗ್ ಗುಂಡಿ. ಇದ್ದಿಲು, ಉಪ್ಪು ಹಾಕಿ ಒಳಗೆ ಪೈಪು ಹೂತಿದೀನಿ, ಮೇಲೆ ಕಾಣೋದು ಅದರ ತಲೆ. ಶೆಡ್ಡಿಗೆ ಹೊಸದಾಗಿ ವೈರಿಂಗ್ ಮಾಡ್ತಿದೀನಲ್ಲ, ಅದಕ್ಕೆ. ಈ ಬಿಸಿಲಿಗೆ ಮಣ್ಣು ಒಣಗಿಹೋದ್ರೆ ಅರ್ಥ್ ಸರಿಯಾಗಿ ಸಿಗಲ್ಲ, ಅದಕ್ಕೇ ನೀರು. ನೀವು ಕರೆಂಟ್ ಆಫೀಸಲ್ಲಿದ್ದೋರು, ನಿಮಗೆ ಗೊತ್ತಿಲ್ದೇ ಇರುತ್ತಾ?"

"ಗೊತ್ತು, ಗೊತ್ತು," ಎಂದರು ಅನಂತರಾಮಯ್ಯನವರು, ಶಾಲು ಸರಿಮಾಡಿಕೊಳ್ಳುತ್ತ. "ನಿಮಗೆ ಗೊತ್ತೋ ಇಲ್ವೋ ಅಂತ ಕೇಳ್ದೆ."

ಇಲ್ಲಿ ಒಂದು ವಿಷಯ ಹೇಳಬೇಕು. ಅನಂತರಾಮಯ್ಯನವರು ಕರೆಂಟ್ ಆಫೀಸಿನಲ್ಲಿ ಇದ್ದದ್ದು ನಿಜ. ಹೆಡ್ ಕ್ಲರ್ಕ್ ಆಗಿ ನಿವೃತ್ತರಾದದ್ದೂ ನಿಜ. ಆದರೆ ಸರ್ವಿಸಿನುದ್ದಕ್ಕೂ ಅವರು ಮುಟ್ಟಿದ್ದು ಫೈಲುಗಳನ್ನೇ ಹೊರತು ವೈರನ್ನಲ್ಲ. ಸ್ವಂತ ಮನೆಯಲ್ಲಿ ನೀರಿನ ಮೋಟರಿನ ಸ್ವಿಚ್ಚನ್ನು ಅವರು ಈವರೆಗೆ ಬೆರಳಿನಿಂದ ಒತ್ತಿಲ್ಲ; ಅದಕ್ಕೆಂದೇ ಗೋಡೆಗೆ ಒರಗಿಸಿಟ್ಟ ಒಂದು ಕೋಲಿದೆ. ಆದರೂ ಊರಿಗೆಲ್ಲ ಅವರು 'ಕರೆಂಟ್ ಅನಂತರಾಮಯ್ಯ'. ಮಿಂಚು ಹೊಡೆದರೂ ಜನ ಅವರ ಕಡೆ ತಿರುಗಿ ನೋಡುತ್ತಿದ್ದರು. ಅವರೂ ಇದೆಲ್ಲ ತಮಗೆ ಮೊದಲೇ ಗೊತ್ತಿತ್ತು ಎನ್ನುವ ಮುಖ ಮಾಡುತ್ತಿದ್ದರು.

ಇನ್ನು ಕವಿತ ಮೇಡಂ. ಅವರು ಗೌರಿಬಿದನೂರಿನ ಒಂದು ಸೈಕಲ್ ಶಾಪಿನವರ ಮಗಳು. ಅಪ್ಪ ಪಂಕ್ಚರ್ ಹಾಕುವಾಗ ಪಕ್ಕದಲ್ಲಿ ಕೂತು ಮಗ್ಗಿ ಹೇಳುತ್ತಿದ್ದ ಹುಡುಗಿ, ಮಗ್ಗಿ ಮುಗಿಯುವ ಹೊತ್ತಿಗೆ ಪಂಕ್ಚರನ್ನೂ ಕಲಿತಿದ್ದಳು. ಆಗಿನಿಂದ ಒಂದು ಅಭ್ಯಾಸ: ಏನಾದರೂ ಕೆಟ್ಟರೆ ಮೊದಲು ತಾವೇ ಬಿಚ್ಚಿ ನೋಡಬೇಕು. ಮಿಕ್ಸಿ, ಫ್ಯಾನು, ಶಾಲೆಯ ಗಂಟೆ, ಒಮ್ಮೆ ಬಿಇಒ ಸಾಹೇಬರ ಕನ್ನಡಕ, ಎಲ್ಲ ಅವರ ಕೈಯಲ್ಲಿ ಬಿಚ್ಚಿಸಿಕೊಂಡಿವೆ. ಹೆಚ್ಚಿನವು ಮತ್ತೆ ಕೂಡಿಕೊಂಡಿವೆ.

ಮದುವೆಯಾಗಿ ಮೇಲೂರಿಗೆ ಬಂದ ಮೇಲೆ ಹತ್ತಿರದ ಶಾಲೆಗೆ ನಡೆದುಕೊಂಡೇ ಹೋಗಿಬರುತ್ತಿದ್ದವರಿಗೆ ಈ ಸಲ ವರ್ಗಾವಣೆಯಲ್ಲಿ ಸಿಕ್ಕಿದ್ದು ಚಿಂತಾಮಣಿ ಹತ್ತಿರದ ಅಂಬಾಜಿದುರ್ಗ ಬೆಟ್ಟದ ಬುಡದ ಒಂದು ಹಳ್ಳಿಯ ಹೈಸ್ಕೂಲು. ಗಂಡ ಮಧುಸೂದನ್ ಬಸ್ ಕಂಡಕ್ಟರು. ಆದರೇನು, ಹೆಂಡತಿಯ ಶಾಲೆಗೆ ಹೋಗುವ ಬಸ್ಸು ಒಂದೇ. ಅದು ಊರು ಮುಟ್ಟುವ ಹೊತ್ತಿಗೆ ಪ್ರಾರ್ಥನೆ ಮುಗಿದು, ಮೊದಲ ಪೀರಿಯಡ್ಡೂ ಅರ್ಧ ಮುಗಿದಿರುತ್ತದೆ. ಆ ಮೊದಲ ಪೀರಿಯಡ್ಡೇ ಹತ್ತನೇ ಕ್ಲಾಸಿನ ವಿಜ್ಞಾನ. ಹಿಂದಿನ ಟೀಚರು ಇದೇ ಬಸ್ಸಿನಲ್ಲಿ ಬಂದು ಇದೇ ಬಸ್ಸಿನಲ್ಲಿ ಹೋಗಿ, ಆ ಮಕ್ಕಳು ಅರ್ಧ ಪಾಠವನ್ನೇ ಇಡೀ ಪಾಠ ಎಂದುಕೊಂಡಿದ್ದರಂತೆ. "ಚಿಂತಾಮಣೀಲಿ ಒಂದು ರೂಮು ಮಾಡ್ಕೊಂಡುಬಿಡು, ವಾರಕ್ಕೊಂದು ಸಲ ಬಂದ್ರಾಯ್ತು," ಎಂದು ಮಧುಸೂದನ್ ಹೇಳಿ ನೋಡಿದ. ಕವಿತ ನೇರ ಚಿಕ್ಕಬಳ್ಳಾಪುರಕ್ಕೆ ಹೋಗಿ, ಒಬ್ಬ ಡಾಕ್ಟರು ಮಾರಲಿಟ್ಟಿದ್ದ ಪುಟ್ಟ ಎಲೆಕ್ಟ್ರಿಕ್ ಕಾರನ್ನು ತಾವೇ ಓಡಿಸಿಕೊಂಡು ಬಂದರು.

ಕಾರು ಬಂತು, ಆದರೆ ಅದಕ್ಕೆ ಊಟ ಹಾಕುವುದು ಹೇಗೆ? ಕಾರಿನ ಜೊತೆ ಬಂದ ಚಾರ್ಜರಿನಲ್ಲಿ ಒಂದು ದೀಪವಿತ್ತು: ಎಲ್ಲ ಸರಿಯಿದ್ದರೆ ಹಸಿರು, ಅರ್ಥ್ ಇಲ್ಲದಿದ್ದರೆ ಕೆಂಪು. ಅಡುಗೆಮನೆಯ ಪ್ಲಗ್ಗಿಗೆ ಹಾಕಿದರು, ಕೆಂಪು. ಹಾಲಿನ ಪ್ಲಗ್ಗಿಗೆ ಹಾಕಿದರು, ಕೆಂಪು. ಬಿಚ್ಚಿ ನೋಡಿದರೆ ಇಡೀ ಮನೆಯಲ್ಲಿ ಪ್ಲಗ್ಗುಗಳ ಮೂರನೇ ತೂತು, ಅಂದರೆ ಅರ್ಥ್ ತೂತು, ಬರೀ ಶೋಕಿಗೆ ಇತ್ತು. ಅದಕ್ಕೆ ವೈರೇ ಬಂದಿರಲಿಲ್ಲ. ಪೆರೇಸಂದ್ರದ ಹತ್ತಿರ ಹೆದ್ದಾರಿಯ ಹೋಟೆಲೊಂದರಲ್ಲಿ ಕಾರಿಗೆ ಚಾರ್ಜ್ ಹಾಕುತ್ತಾರೆ ಎಂದು ಯಾರೋ ಹೇಳಿದರು. ಹೌದು, ಹಾಕುತ್ತಾರೆ. ಆದರೆ ಅದು ಶಾಲೆಗೆ ನೇರ ವಿರುದ್ಧ ದಿಕ್ಕು.

ಎಲೆಕ್ಟ್ರಿಷಿಯನ್ ಬಯ್ಯಪ್ಪನಿಗೆ ಫೋನ್ ಮಾಡಿದರು. "ರೇಪು ವಸ್ತಾನಕ್ಕಾ" ಎಂದು ತೆಲುಗಿನಲ್ಲಿ ಹೇಳಿದ. ಮರುದಿನ ಮಾಡಿದಾಗ ಅದನ್ನೇ ಕನ್ನಡದಲ್ಲಿ "ನಾಳೆ ಗ್ಯಾರಂಟಿ ಬರ್ತೀನಕ್ಕಾ" ಎಂದ. ಎರಡು ಭಾಷೆಯಲ್ಲೂ ಬಾರದ ಮನುಷ್ಯನನ್ನು ಕಾಯುವುದರಲ್ಲಿ ಅರ್ಥವಿಲ್ಲ ಎಂದು ಕವಿತ ತೀರ್ಮಾನಿಸಿದರು. ಬೇಸಿಗೆ ರಜೆ ಮುಗಿದು ಶಾಲೆ ಶುರುವಾಗುವುದರೊಳಗೆ ಹಿತ್ತಿಲ ಶೆಡ್ಡಿಗೆ ಹೊಸ ವೈರಿಂಗ್ ಆಗಬೇಕು, ತಾವೇ ಮಾಡಬೇಕು.

"ಪೈಪು, ವೈರು, ಬೋರ್ಡು ಎಲ್ಲ ನನ್ನ ಕೆಲಸ ಸಾರ್," ಎಂದರು ಅವತ್ತು ಹಿತ್ತಿಲಲ್ಲಿ, ಶಾಲು ಹೊದ್ದು ಬಂದ ಅನಂತರಾಮಯ್ಯನವರಿಗೆ. "ಮೀಟರ್ ಕಡೆಯಿಂದ ಲೈನ್ ಸೇರಿಸೋದು ಮಾತ್ರ ಬಯ್ಯಪ್ಪನೇ ಮಾಡ್ಬೇಕು, ಲೈಸೆನ್ಸ್ ಇರೋದು ಅವನಿಗೆ. ಏಣಿ ಹಿಡ್ಕೊಳ್ಳೋಕೆ ಒಬ್ಬರು ಬೇಕಿತ್ತು. ಕರೆಂಟ್ ವಿಷಯ ತಿಳಿದೋರೇ ಆದ್ರೆ ಧೈರ್ಯ."

ಹೀಗೆ ಕೇಳಿದ ಮೇಲೆ 'ನನಗೆ ಭಯ' ಎಂದು ಹೇಳುವುದಕ್ಕೆ ಅನಂತರಾಮಯ್ಯನವರ ಮೂವತ್ತು ವರ್ಷದ ಹೆಸರು ಒಪ್ಪಲಿಲ್ಲ. ಮರುದಿನ ರಬ್ಬರ್ ಚಪ್ಪಲಿ ಮೆಟ್ಟಿ, ಕೈಗೆ ಅಲಮೇಲು ಪಾತ್ರೆ ತೊಳೆಯುವ ರಬ್ಬರಿನ ಗ್ಲೌಸು ತೊಟ್ಟು ಹಾಜರಾದರು.

"ಸಾರ್, ಮೈನ್ ಆಫ್ ಮಾಡಿದೀನಿ. ಟೆಸ್ಟರಲ್ಲೂ ನೋಡಿದೀನಿ. ಗ್ಲೌಸು ಬೇಕಾಗಿಲ್ಲ."

"ಆಫ್ ಮಾಡಿದ್ರೂ ಒಳಗೆ ಸ್ವಲ್ಪ ಉಳಿದಿರುತ್ತಮ್ಮ," ಎಂದರು ಅವರು ಗಂಭೀರವಾಗಿ.

ಆ ಶೆಡ್ಡು ಮೊದಲು ಶೆಡ್ಡಾಗಿರಲಿಲ್ಲ. ಅದು ಕವಿತ ಮೇಡಂ ಅತ್ತೆ ಲಕ್ಷ್ಮಿದೇವಮ್ಮನವರ ಹುಳುಮನೆ. ಆಸುಪಾಸಿನಲ್ಲಿ ಬಡಾವಣೆ, ಬೀದಿ, ಅನಂತರಾಮಯ್ಯನವರ ಮಹಡಿ ಏನೂ ಇಲ್ಲದ ಕಾಲದಿಂದ ಅಲ್ಲಿ ರೇಷ್ಮೆಹುಳು ಸಾಕಿದವರು ಅವರು. ಹುಳು ಜ್ವರಕ್ಕೆ ಕೂತರೆ, ಅಂದರೆ ಪೊರೆ ಬಿಡಲು ಮೇವು ನಿಲ್ಲಿಸಿ ಮಲಗಿದರೆ, ಮನೆಯವರೆಲ್ಲ ಪಿಸುಮಾತಿನಲ್ಲಿ ಮಾತಾಡಬೇಕು. ಹುಳು ಹಣ್ಣಾಗಿ ಗೂಡು ಕಟ್ಟಲು ಹೊರಟರೆ ಮನೆಯವರಿಗೆ ಊಟವಿಲ್ಲ. ಸೊಪ್ಪಿನ ದೂಳಿಗೆ ಉಬ್ಬಸ ಶುರುವಾಗಿ, ಡಾಕ್ಟರು ಗದರಿದ ಮೇಲೆ ಹೋದ ವರ್ಷ ಕೊನೆಯ ಬೆಳೆ ತೆಗೆದು ಬಾಗಿಲು ಹಾಕಿದ್ದರು. ಬಾಗಿಲು ಹಾಕಿದ್ದರೇ ಹೊರತು ಒಳಗಿನ ಒಂದು ಕಡ್ಡಿಯನ್ನೂ ಕದಲಿಸಲು ಬಿಟ್ಟಿರಲಿಲ್ಲ. ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳು ಗೋಡೆಯ ಮೇಲೆ ಹಾಗೇ ನೇತಾಡುತ್ತಿದ್ದವು. ಸೊಸೆ ಕಾರಿಗೆಂದು ಶೆಡ್ಡು ಕೇಳಿದಾಗ "ನಿನ್ನಿಷ್ಟ ಕಣಮ್ಮ" ಎಂದಿದ್ದರು. ಅತ್ತೆಯಂದಿರ 'ನಿನ್ನಿಷ್ಟ' ಎಂದರೆ ಏನೆಂದು ಸೊಸೆಯಂದಿರಿಗೆಲ್ಲ ಗೊತ್ತು. ಕವಿತ ಮೇಡಂಗೂ ಗೊತ್ತಿತ್ತು, ಆ ದಿನದಿಂದ ಅವರ ಎದೆಯಲ್ಲಿ ಒಂದು ಮುಳ್ಳು ಇತ್ತು.

ಕೆಲಸ ನಡೆದಷ್ಟು ದಿನವೂ ಲಕ್ಷ್ಮಿದೇವಮ್ಮ ಎದುರಿನ ಜಗಲಿಯ ಮೇಲೆ ಕೂತು ಮೇಲ್ವಿಚಾರಣೆ ನಡೆಸಿದರು.

"ಆ ಚಂದ್ರಿಕೆ ಮುಟ್ಟಬೇಡ."

"ಮುಟ್ಟಲ್ಲ ಅತ್ತೆ, ಪೈಪು ಅದರ ಮೇಲಿಂದ ತಗೊಂಡು ಹೋಗ್ತೀನಿ."

"ಗೋಡೆಗೆ ಅಷ್ಟೊಂದು ತೂತು ಹೊಡೀಬೇಡ. ಇರುವೆ ಸೇರ್ಕೊಂಡ್ರೆ ಹುಳಕ್ಕೆ..." ಎಂದು ಅರ್ಧಕ್ಕೆ ನಿಲ್ಲಿಸಿ, "ಅನಂತರಾಮಯ್ನೋರೆ, ಏಣಿ ಹಿಡ್ಕೊಂಡಿದೀರೋ, ಏಣಿನೇ ನಿಮ್ಮನ್ನ ಹಿಡ್ಕೊಂಡೈತೋ?" ಎನ್ನುತ್ತಿದ್ದರು.

ಹಳೆಯ ವೈರಿಂಗ್ ಬಿಚ್ಚಿದಾಗ ಕವಿತ ಬೆರಗಾದರು. ಮರದ ಪಟ್ಟಿಯ ಮೇಲೆ ಓಡಿಸಿದ್ದ ವೈರಿನ ಸಿಪ್ಪೆ ಮುಟ್ಟಿದರೆ ಉದುರುತ್ತಿತ್ತು. ಅದು ಹಳತಾದದ್ದಕ್ಕೆ, ಸರಿ. ಆದರೆ ತಿರುಪುಗಳ ಹತ್ತಿರ ತಾಮ್ರವೆಲ್ಲ ಪಾಚಿ ಕಟ್ಟಿದಂತೆ ಹಸಿರಾಗಿ, ಕಡ್ಡಿಯಷ್ಟಿದ್ದದ್ದು ದಾರದಷ್ಟಾಗಿತ್ತು. "ಸೂರು ಸೋರಿರೋ ಗುರುತಿಲ್ಲ, ಇಷ್ಟು ಯಾಕೆ ತಿಂದುಹೋಗಿದೆ ಸಾರ್ ಇದು?" ಎಂದು ಕೇಳಿದರು.

"ಕರೆಂಟ್ ಹರಿದೂ ಹರಿದೂ ಸವೆಯುತ್ತಮ್ಮ," ಎಂದರು ಅನಂತರಾಮಯ್ಯನವರು. ಕವಿತ ಅವರ ಮುಖ ನೋಡಿ, ಮತ್ತೆ ಏಣಿ ಹತ್ತಿದರು.

ಮನೆಯ ಬೋರ್ಡಿನಿಂದ ಶೆಡ್ಡಿಗೇ ಬೇರೆ ಲೈನು. ಹಳೆಯದಕ್ಕಿಂತ ದಪ್ಪನೆಯ ತಾಮ್ರದ ವೈರು. ಎಲ್ಲಾದರೂ ಕರೆಂಟು ಸೋರಿದರೆ ಕೂಡಲೇ ಲೈನು ಕತ್ತರಿಸುವ ಟ್ರಿಪ್ ಸ್ವಿಚ್ಚು. ಮತ್ತೆ ಹಿತ್ತಿಲ ಗುಂಡಿಯಿಂದ ಹಸಿರು ಅರ್ಥ್ ವೈರು. ಅನಂತರಾಮಯ್ಯನವರು ಒಂದು ತುದಿಯಿಂದ ಪೈಪಿನೊಳಗೆ ವೈರು ತಳ್ಳಿದರೆ ಕವಿತ ಇನ್ನೊಂದು ತುದಿಯಿಂದ ಎಳೆಯುತ್ತಿದ್ದರು. ಮೂಲೆಯ ತಿರುವಿನಲ್ಲಿ ವೈರು ಸಿಕ್ಕಿಕೊಳ್ಳುತ್ತಿತ್ತು.

"ತಳ್ಳಿ ಸಾರ್!"

"ತಳ್ತಾನೇ ಇದೀನಮ್ಮ! ನೀವು ಎಳೀರಿ!"

"ಎಳೀತಾನೇ ಇದೀನಿ! ಬರ್ತಾ ಇಲ್ಲ!"

"ಇಬ್ರೂ ಬಿಟ್ಟುಬಿಡಿ, ಅದೇ ಬರ್ತೈತೆ," ಎಂದರು ಜಗಲಿಯಿಂದ ಲಕ್ಷ್ಮಿದೇವಮ್ಮ.

ಕೊನೆಗೆ ವೈರು ಸರ್ರನೆ ಜಾರಿ ಆ ತುದಿಯಲ್ಲಿ ಮೂತಿ ತೋರಿಸಿತು. ಅನಂತರಾಮಯ್ಯನವರಿಗೆ ಏನೋ ಒಂದು ಆಯಿತು. ಬದುಕಿನಲ್ಲಿ ಎಷ್ಟೋ ಕಾಗದಗಳನ್ನು ಅವರು ಒಂದು ತುದಿಯಿಂದ ತಳ್ಳಿದ್ದಾರೆ. ಯಾವುದೂ ಇನ್ನೊಂದು ತುದಿಯಲ್ಲಿ ಹೀಗೆ ಕಣ್ಣೆದುರಿಗೇ ಹೊರಬಂದಿರಲಿಲ್ಲ. ಆ ದಿನ ಮನೆಗೆ ಹೋಗುವಾಗ ಗ್ಲೌಸನ್ನು ಮರೆತುಬಂದರು. ಮರುದಿನ ಬೇಕೆಂದು ಕೇಳಲೂ ಇಲ್ಲ.

ಬೋರ್ಡು ಕಟ್ಟಿ ಮುಗಿಸುವ ದಿನ ಕವಿತ ಸ್ಕ್ರೂಡ್ರೈವರನ್ನು ಅವರ ಕೈಗೆ ಕೊಟ್ಟರು.

"ಪ್ಲಗ್ಗಿನ ಅರ್ಥ್ ತಿರುಪು ಇದೊಂದು ನೀವೇ ಬಿಗಿ ಮಾಡಿ ಸಾರ್."

"ನಾನಾ?"

"ಇಷ್ಟು ದಿನ ಜೊತೆಗಿದ್ದೀರ. ನಿಮ್ಮದೂ ಒಂದು ಇರಲಿ."

ಅನಂತರಾಮಯ್ಯನವರು ಮೈನ್ ಆಫ್ ಆಗಿದೆಯೇ ಎಂದು ತಾವೇ ಹೋಗಿ ನೋಡಿ ಬಂದರು. ಬಂದವರು ಮತ್ತೊಮ್ಮೆ ಹೋಗಿ ನೋಡಿ ಬಂದರು. ಆಮೇಲೆ ಉಸಿರು ಬಿಗಿಹಿಡಿದು, ಕಣ್ಣು ಮುಚ್ಚಿ ತಿರುಪನ್ನು ತಿರುಗಿಸಿದರು. ತಿರುಗುವುದು ನಿಂತ ಮೇಲೂ ತಿರುಗಿಸಿದರು.

ಶುಕ್ರವಾರ, ಯಾರೂ ನೆನಸದ ಹೊತ್ತಿನಲ್ಲಿ ಬಯ್ಯಪ್ಪ ಬಂದ. ಪೈಪಿನ ಗುಂಟ ಕಣ್ಣು ಹಾಯಿಸಿದ. ಬೋರ್ಡು ಬಿಚ್ಚಿ ಒಂದೊಂದೇ ಜಾಯಿಂಟು ಎಳೆದು ನೋಡಿದ. ಅರ್ಥಿಂಗ್ ಗುಂಡಿಯವರೆಗೆ ಹೋಗಿ ಬಂದ.

"ಯಾರಕ್ಕಾ ಮಾಡಿದ್ದು?"

ಕವಿತ ಬಾಯಿ ತೆರೆಯುವುದರೊಳಗೆ ಅನಂತರಾಮಯ್ಯನವರು "ನಾವು" ಎಂದರು.

"ಬಾಗುಂದಿ ಸಾರ್," ಎಂದು ಬಯ್ಯಪ್ಪ ತೆಲುಗಿನಲ್ಲಿ ಮೆಚ್ಚಿ, ಮೈನ್ ಲೈನು ಸೇರಿಸಿ ಕೊಟ್ಟ. ಬಾಗಿಲಲ್ಲಿ ನಿಂತಿದ್ದ ಕಾರಿಗೆ ಕವಿತ ಚಾರ್ಜರ್ ಸಿಕ್ಕಿಸಿ ಸ್ವಿಚ್ಚು ಹಾಕಿದರು. ದೀಪ ಒಂದು ಕ್ಷಣ ಯೋಚಿಸಿ ಹಸಿರಾಯಿತು. ಅನಂತರಾಮಯ್ಯನವರು ಚಪ್ಪಾಳೆ ತಟ್ಟಿಬಿಟ್ಟರು.

ಕಾರನ್ನು ಆಗಲೇ ಒಳಗೆ ತಂದು ಚಾರ್ಜಿಗೆ ಬಿಡಬೇಕೆಂದು ಕವಿತ ಹೊರಟಾಗ ಲಕ್ಷ್ಮಿದೇವಮ್ಮ ತಡೆದರು. "ಈವತ್ತು ಬೇಡ. ನಾಳೆ ಸಾಯಂಕಾಲ ತಾ."

"ಯಾಕತ್ತೆ?"

"ಬೇಡ ಅಂದ್ರೆ ಬೇಡ ಕಣಮ್ಮ."

ಅತ್ತೆ ದಿನ ನೋಡುತ್ತಿದ್ದಾರೇನೋ ಎಂದುಕೊಂಡರು ಕವಿತ. ಬೇರೆ ಯಾರಾದರೂ ಆಗಿದ್ದರೆ ಶನಿವಾರಕ್ಕೂ ಬ್ಯಾಟರಿಗೂ ಏನು ಸಂಬಂಧ ಎಂದು ಒಂದು ಪಾಠವೇ ಆಗುತ್ತಿತ್ತು. ಆದರೆ ಅತ್ತೆಯ ಮುಖ ನೋಡಿ, ಆ ಶೆಡ್ಡು ಇನ್ನೊಂದು ದಿನ ಅವರದಾಗಿಯೇ ಇರಲಿ ಎಂದುಕೊಂಡರು. ಚಾರ್ಜರ್ ಕಿತ್ತಿಟ್ಟರು. ಶಾಲೆ ಶುರುವಾಗುವುದು ಸೋಮವಾರ, ಇನ್ನೂ ಸಮಯವಿತ್ತು.

ಶನಿವಾರ ಕವಿತ ಅದೇ ಬಸ್ಸಿನಲ್ಲಿ ಹೊಸ ಶಾಲೆಗೆ ಹೋಗಿ ಕೊಠಡಿ, ಲ್ಯಾಬು ಎಲ್ಲ ನೋಡಿಕೊಂಡು, ಅಲ್ಲಿಯ ಹೆಡ್‌ಮಾಸ್ಟರಿಗೆ "ಸೋಮವಾರ ಪ್ರೇಯರ್‌ಗೆ ಇರ್ತೀನಿ ಸಾರ್" ಎಂದು ಮಾತು ಕೊಟ್ಟು ಬಂದರು. ಹೆಡ್‌ಮಾಸ್ಟರು ನಕ್ಕಿದ್ದರಂತೆ. ಅಂಥ ಮಾತನ್ನು ಅಲ್ಲಿಗೆ ಬಂದ ಟೀಚರುಗಳೆಲ್ಲ ಅವರಿಗೆ ಕೊಟ್ಟಿದ್ದರು.

ಸಂಜೆ ಕಾರು ಒಳಗೆ ಬಂತು. ಪ್ಲಗ್ಗು ಹಾಕಿದರು. ಸ್ವಿಚ್ಚು ಒತ್ತಿದರೆ ಟಪ್ಪೆಂದು ಟ್ರಿಪ್ಪಾಯಿತು. ಮೇಲಕ್ಕೆತ್ತಿದರು, ಮತ್ತೆ ಟಪ್. ಚಾರ್ಜರ್ ಕಿತ್ತು ನೋಡಿದರು, ಆಗಲೂ ಟಪ್. ಬೇಲಿಯ ಆಚೆಯಿಂದ ಇಣುಕುತ್ತಿದ್ದ ಅನಂತರಾಮಯ್ಯನವರಿಗೆ ಆ ಶಬ್ದ ಎದೆಯೊಳಗೇ ಆದಂತಾಯಿತು.

"ನಿನ್ನೆ ಸರಿಯಾಗಿತ್ತಲ್ಲ," ಎಂದರು ಕವಿತ, ಯಾರಿಗೂ ಅಲ್ಲದಂತೆ. ಏಣಿಯ ಕೆಳಗಿನ ಮೆಟ್ಟಿಲ ಮೇಲೆ ಕೂತರು. ಬೇರೆಯವರೆದುರು ಎಂದೂ ಹಾಗೆ ಕೂತವರಲ್ಲ. "ನನ್ನಿಂದ ಆಗಲ್ಲ ಅಂತ ಎಲ್ರೂ ಹೇಳಿದ್ರು. ನಾನೇ ಕೇಳಲಿಲ್ಲ. ಸೋಮವಾರ ಮತ್ತೆ ಅದೇ ಬಸ್ಸು. ಆ ಮಕ್ಕಳಿಗೆ ನಾನೂ ಅರ್ಧ ಪೀರಿಯಡ್ ಟೀಚರ್ರೇ."

ಅನಂತರಾಮಯ್ಯನವರು ಸದ್ದಿಲ್ಲದೆ ಮನೆಗೆ ಬಂದರು. ಊಟಕ್ಕೆ ಕೂತರು, ಕಲಸಿದ ಅನ್ನ ಕಲಸಿದಂತೆಯೇ ಉಳಿಯಿತು.

"ಏನ್ರೀ, ಹುಳಿ ಚೆನ್ನಾಗಿಲ್ವಾ?" ಎಂದರು ಅಲಮೇಲು.

"ಹುಳಿ ಅಲ್ಲವೇ. ತಿರುಪು."

"ಯಾವ ತಿರುಪು?"

"ಇಡೀ ಶೆಡ್ಡಲ್ಲಿ ನಾನು ಹಾಕಿದ್ದು ಒಂದೇ ಒಂದು ತಿರುಪು ಕಣೇ. ಕಣ್ಣು ಮುಚ್ಕೊಂಡು ಹಾಕ್ದೆ. ಅದೇ ಇರ್ಬೇಕು. ನನ್ನಿಂದ ಒಂದು ಸ್ಕೂಲಿಗೆ ಮೇಷ್ಟ್ರಿಲ್ಲದ ಹಾಗಾಯ್ತು."

ಅಲಮೇಲು ನಗಬೇಕೆಂದುಕೊಂಡವರು ಗಂಡನ ಮುಖ ನೋಡಿ ನಗಲಿಲ್ಲ. "ಬೆಳಗ್ಗೆ ಹೋಗಿ ಹೇಳಿಬಿಡಿ," ಎಂದರು. "ತಿರುಪು ತಾನೇ, ಬಿಚ್ಚಿ ಮತ್ತೆ ಹಾಕ್ತಾರೆ."

ಭಾನುವಾರ ಬೆಳಗ್ಗೆ ಅನಂತರಾಮಯ್ಯನವರು ಶಾಲು ಹೊದೆಯದೆ ಪಕ್ಕದ ಮನೆಗೆ ಹೋದರು. ಕವಿತ ಮೈನ್ ಆಫ್ ಮಾಡಿ, ಸ್ಕ್ರೂಡ್ರೈವರ್ ಹಿಡಿದು ಪ್ಲಗ್ಗಿನ ಮುಂದೆ ನಿಂತಿದ್ದರು.

"ಕವಿತಮ್ಮ, ಆ ತಿರುಪು... ನಾನು ಕಣ್ಣು ಮುಚ್ಚಿದ್ದೆ."

"ಗೊತ್ತು ಸಾರ್, ನೋಡ್ತಾ ಇದ್ದೆ. ಆಮೇಲೆ ನಾನೇ ಪರೀಕ್ಷೆ ಮಾಡಿದೀನಿ. ಬಯ್ಯಪ್ಪನೂ ನೋಡಿದಾನೆ." ಅವರು ಹಲ್ಲು ಕಚ್ಚಿ ತಿರುಗಿಸಿದರು. "ಅಯ್ಯೋ, ಎಷ್ಟು ಬಿಗಿ ಮಾಡಿದೀರ ಸಾರ್! ಇದನ್ನ ಬಿಚ್ಚೋಕೇ ಆಗ್ತಿಲ್ಲ."

ಹೆಗಲ ಮೇಲಿಂದ ಏನೋ ಇಳಿದಂತಾಗಿ ಅನಂತರಾಮಯ್ಯನವರು ಗೋಡೆಗೆ ಒರಗಿದರು. ಒರಗಿದ ಅಂಗಿಯ ಬೆನ್ನು ತಣ್ಣಗಾಯಿತು. ಗೋಡೆ ಒದ್ದೆ. ಅದೇ ಹೊತ್ತಿಗೆ ಪ್ಲಗ್ಗು ಕಳಚಿ ಬಂತು. ಒಳಗಿನಿಂದ ನಾಲ್ಕು ಹನಿ ನೀರು, ಅದರ ಹಿಂದೆಯೇ ಒಂದು ಘಾಟು. ಹಿತ್ತಾಳೆಯ ಮೇಲೆಲ್ಲ ಬಿಳಿಯ ಕಲೆ.

"ಬ್ಲೀಚಿಂಗ್ ಪೌಡರು," ಎಂದರು ಕವಿತ. ಲ್ಯಾಬಿನ ಕಪಾಟು ತೆರೆದವರಂತೆ ಮೂಗರಳಿಸಿ ಸುತ್ತಲೂ ನೋಡಿದರು. ಆಗ ಕಂಡಿತು: ಗೋಡೆ, ಸೂರು, ಮೂಲೆ ಎಲ್ಲ ತೊಳೆದಿದೆ, ಹೊಸಿಲಿನ ಗುಂಟ ಸುಣ್ಣದ ಪುಡಿಯ ಗೆರೆ. ನಿನ್ನೆಯ ಮಬ್ಬಿನಲ್ಲಿ, ಗಾಬರಿಯಲ್ಲಿ ಯಾವುದೂ ಕಣ್ಣಿಗೆ ಬಿದ್ದಿರಲಿಲ್ಲ. ಗೋಡೆಯ ಮೇಲಿನ ಚಂದ್ರಿಕೆಗಳೂ ಇರಲಿಲ್ಲ.

"ಅತ್ತೆ, ಶೆಡ್ಡು ತೊಳೆದ್ರಾ?"

"ತೊಳೀದೆ ಮತ್ತೆ?" ಜಗಲಿಯಿಂದ ಹೆಮ್ಮೆಯ ಉತ್ತರ ಬಂತು. "ಹಳೇ ಬೆಳೆ ಹೋಗಿ ಹೊಸ ಬೆಳೆ ಬರೋವಾಗ ಮನೆ ತೊಳೀದೆ ಯಾರಾದ್ರೂ ಒಳಗೆ ಬಿಡ್ತಾರಾ? ಬ್ಲೀಚಿಂಗ್ ಕಲಸಿ ಪಂಪಲ್ಲಿ ಹೊಡೆದೆ. ಒಂದು ಸಂದೂ ಬಿಟ್ಟಿಲ್ಲ. ಆ ನಿನ್ನ ಹೊಸಾ ಡಬ್ಬಿ ಐತಲ್ಲ, ಅದರ ತೂತೊಳಕ್ಕೂ ಚೆನ್ನಾಗಿ ಹೊಡೆದಿದೀನಿ."

"ಕಾರಿಗೆ ರೋಗ ಬರಲ್ಲ ಅತ್ತೆ!"

"ಹುಳಕ್ಕೂ ಬರಲ್ಲ ಅಂತಾನೇ ಎಲ್ರೂ ಅಂದ್ಕೊಳ್ಳೋದು. ತೊಳೀದೇ ಇದ್ದೋರಿಗೆ ಬಂದೈತೆ."

"ಪ್ರತಿ ಬೆಳೆಗೂ ಹಿಂಗೇ ಹೊಡೀತಿದ್ರಾ? ಸ್ವಿಚ್ಚಿಗೂ?"

"ಮತ್ತೆ? ಸ್ವಿಚ್ಚಿನ ಸಂದಲ್ಲಿ ರೋಗ ಇರಬಾರದು ಅಂತ ಏನಾದ್ರೂ ಕಾನೂನೈತಾ?"

ಕವಿತ ಅನಂತರಾಮಯ್ಯನವರ ಕಡೆ ತಿರುಗಿದರು. "ಹಳೇ ತಾಮ್ರ ಹಸಿರಾಗಿದ್ದು ಯಾಕೆ ಅಂತ ಗೊತ್ತಾಯ್ತಾ ಸಾರ್?" ಅನಂತರಾಮಯ್ಯನವರು ಸವೆತದ ಸಿದ್ಧಾಂತವನ್ನು ಮೌನವಾಗಿ ವಾಪಸು ತೆಗೆದುಕೊಂಡರು.

ಕವಿತ ಮೇಡಂಗೆ ಸಿಟ್ಟು ಬಂದಿತ್ತು. ಮಾತು ನಾಲಿಗೆಯ ತುದಿಯವರೆಗೂ ಬಂದಿತ್ತು. ಅಷ್ಟರಲ್ಲಿ ಲಕ್ಷ್ಮಿದೇವಮ್ಮ ಸೊಸೆಯ ಕೈಲಿದ್ದ ಒದ್ದೆ ಪ್ಲಗ್ಗು ನೋಡಿದರು. ಸೊಸೆಯ ಮುಖ ನೋಡಿದರು. ಜಗಲಿಯಿಂದ ಇಳಿದು ಬಂದರು.

"ಕೆಡಿಸಿಬಿಟ್ನಾ?"

ಕವಿತ ಪ್ಲಗ್ಗಿನಲ್ಲಿ ಉಳಿದಿದ್ದ ನೀರನ್ನು ಕೊಡವಿದರು.

"ಎಷ್ಟು ಬೆಳೆ ತೆಗೆದಿದೀನೋ ಇದರೊಳಗೆ, ಲೆಕ್ಕ ಇಲ್ಲ," ಎಂದರು ಲಕ್ಷ್ಮಿದೇವಮ್ಮ. "ನಿನ್ನ ಮದುವೆ ಸೀರೆನೂ ಇದರದ್ದೇ ದುಡಿಮೆ. ಹಂಗೇ ಹಳೇ ದೂಳಲ್ಲಿ ನಿನ್ನ ಕೈಗೆ ಕೊಡೋದಾ?  ತೊಳೆದೇ ಕೊಡಬೇಕು ಅನ್ನಿಸ್ತು. ಚಂದ್ರಿಕೆನೂ ಬಯಲಿಗೆ ತೆಗೆದಿಟ್ಟೆ, ಯಾರಾದ್ರೂ ಹುಳ ಸಾಕೋರಿಗೆ ಆಗ್ಲಿ ಅಂತ. ನಿನ್ನ ಕಾರು ಚೆನ್ನಾಗಿ ಬದುಕಲಿ ಅಂತ ಕಣಮ್ಮ."

'ನಿನ್ನಿಷ್ಟ' ಎಂದ ದಿನದಿಂದ ಎದೆಯಲ್ಲಿದ್ದ ಮುಳ್ಳು ಇಷ್ಟು ಸಲೀಸಾಗಿ ಬಂದುಬಿಡುತ್ತದೆಂದು ಕವಿತ ತಿಳಿದಿರಲಿಲ್ಲ. ಒದ್ದೆ ಪ್ಲಗ್ಗನ್ನು ಏಣಿಯ ಮೇಲಿಟ್ಟು, ಅತ್ತೆಯ ಭುಜ ಹಿಡಿದು ನಗತೊಡಗಿದರು. ನಗು ನಿಲ್ಲದೆ ಕಣ್ಣಲ್ಲಿ ನೀರು ಬಂತು. "ಇನ್ಮೇಲೆ ಕಸ ಮಾತ್ರ ಗುಡಿಸಿ ಅತ್ತೆ. ನಿಮ್ಮ ಕಾಲಿಗೆ ಬೀಳ್ತೀನಿ, ನೀರು ಮಾತ್ರ ಬೇಡ."

"ಮೊದ್ಲೇ ಹೇಳ್ಬಾರದಾ? ಇಷ್ಟು ಓದಿದೀಯ," ಎಂದರು ಲಕ್ಷ್ಮಿದೇವಮ್ಮ, ಕಣ್ಣೊರೆಸಿಕೊಂಡು.

ಆಮೇಲೆ ನಡೆದದ್ದು ದೊಡ್ಡ ಕೆಲಸ. ಆದರೆ ಸಂತೋಷದ ಕೆಲಸ. ಶೆಡ್ಡಿನ ಪ್ರತಿಯೊಂದು ಬೋರ್ಡನ್ನೂ ಬಿಚ್ಚಿದರು. ಒಳಗಿನ ಬಿಳಿ ಕಲೆಯನ್ನೆಲ್ಲ ಬಟ್ಟೆಯಿಂದ ತಿಕ್ಕಿ ತೆಗೆದರು. ಪ್ಲಗ್ಗು ಮಾತ್ರ ಉಳಿಯುವಂತಿರಲಿಲ್ಲ. ಕವಿತ ಶಿಡ್ಲಘಟ್ಟಕ್ಕೆ ಓಡಿ, ಅರ್ಧ ಕದ ಹಾಕಿದ್ದ ಅಂಗಡಿಯವನನ್ನು ಎಬ್ಬಿಸಿ, ಮಳೆಯಲ್ಲೂ ನೀರು ಹೋಗದ ಮುಚ್ಚಳದ ಪ್ಲಗ್ಗು ತಂದರು. ಅಷ್ಟರಲ್ಲಿ ಉಳಿದ ಸ್ವಿಚ್ಚು, ತಿರುಪು, ತಗಡುಗಳೆಲ್ಲ ಅನಂತರಾಮಯ್ಯನವರ ಮಹಡಿಯ ಮೇಲೆ, ಅಲಮೇಲು ಒಣಹಾಕಿದ್ದ ಸಂಡಿಗೆಯ ಪಕ್ಕದಲ್ಲೇ ಚಾಪೆಯ ಮೇಲೆ ಬಿಸಿಲು ಕಾಯಿಸಿಕೊಳ್ಳುತ್ತಿದ್ದವು. ನಿವೃತ್ತ ಹೆಡ್ ಕ್ಲರ್ಕರು ಕೊಡೆ ಹಿಡಿದು ಕೂತು ಎರಡನ್ನೂ ಕಾಗೆಯಿಂದ ಕಾದರು.

"ಸಂಡಿಗೆ ಡಬ್ಬಿಗೆ ತುಂಬುವಾಗ ನೋಡ್ಕೊಂಡು ತುಂಬೇ," ಎಂದು ಹೆಂಡತಿಗೆ ಎಚ್ಚರಿಕೆ ಕೊಟ್ಟರು. "ಒಂದು ತಿರುಪು ಕಮ್ಮಿಯಾದ್ರೂ ಲೈನ್ ನಡೆಯಲ್ಲ."

ಸಾಯಂಕಾಲದ ಹೊತ್ತಿಗೆ ಎಲ್ಲ ಮತ್ತೆ ಕೂಡಿಕೊಂಡಿತು. ಈ ಸಲ ಅರ್ಥ್ ತಿರುಪನ್ನು ಅನಂತರಾಮಯ್ಯನವರು ಕಣ್ಣು ತೆರೆದೇ ಬಿಗಿ ಮಾಡಿದರು. ಮೈನ್ ಹಾಕಿ ಬಂದ ಕವಿತ, "ಅತ್ತೆ, ನೀವು ಹಾಕಿ," ಎಂದು ಟ್ರಿಪ್ ಸ್ವಿಚ್ಚು ತೋರಿಸಿದರು. ಲಕ್ಷ್ಮಿದೇವಮ್ಮ ಸೆರಗಿಗೆ ಕೈ ಒರೆಸಿ ಒರೆಸಿ ಪೂರ್ತಿ ಒಣಗಿಸಿಕೊಂಡು, ಅದನ್ನು ಮೇಲಕ್ಕೆತ್ತಿದರು. ಎಲ್ಲರೂ ಕಿವಿಗೊಟ್ಟು ನಿಂತರು. ಟಪ್ ಎನ್ನಲಿಲ್ಲ. ಚಾರ್ಜರಿನ ದೀಪ ಹಸಿರಾಯಿತು, ಹಸಿರಾಗಿಯೇ ಉಳಿಯಿತು.

"ಮೇಯ್ತಾ ಐತಾ?" ಎಂದು ಪಿಸುಗುಟ್ಟಿದರು ಲಕ್ಷ್ಮಿದೇವಮ್ಮ.

"ಮೇಯ್ತಾ ಇದೆ," ಎಂದು ಕವಿತ ಕೂಡ ಪಿಸುಗುಟ್ಟಿದರು. ಸ್ವಲ್ಪ ಹೊತ್ತು ಎಲ್ಲರೂ ಪಿಸುಮಾತಿನಲ್ಲೇ ಮಾತಾಡಿದರು.

ಸೋಮವಾರ ಬೆಳಗ್ಗೆ ಅನಂತರಾಮಯ್ಯನವರು ಗರಿಗರಿ ಅಂಗಿ ತೊಟ್ಟು ಪಕ್ಕದ ಮನೆಯ ಗೇಟಿನ ಮುಂದೆ ನಿಂತಿದ್ದರು, ತಾವೇ ಕೆಲಸಕ್ಕೆ ಹಾಜರಾಗುವವರಂತೆ. ಕಾರು ಸದ್ದಿಲ್ಲದೆ ಹುಳುಮನೆಯಿಂದ ಹೊರಬಂತು. ಒಳಗೆ ಇಸ್ತ್ರಿ ಸೀರೆಯ ಕವಿತ ಮೇಡಂ, ಪಕ್ಕದ ಸೀಟಿನ ಮೇಲೆ ಊಟದ ಡಬ್ಬಿ, ಹತ್ತನೇ ಕ್ಲಾಸಿನ ವಿಜ್ಞಾನದ ಪುಸ್ತಕ. ಬ್ಯಾಟರಿ ಪೂರ್ತಿ ತುಂಬಿತ್ತು. ಬಸ್ಸು ಇನ್ನೂ ಊರಿಗೇ ಬಂದಿರಲಿಲ್ಲ. ಲಕ್ಷ್ಮಿದೇವಮ್ಮ ಕೈ ಬೀಸಿದರು. ಅಲಮೇಲು ಮಹಡಿಯಿಂದ ಕೈ ಬೀಸಿದರು.

ಅಷ್ಟರಲ್ಲಿ ಅನಂತರಾಮಯ್ಯನವರಿಗೆ ಒಂದು ಭಯಂಕರ ಯೋಚನೆ ಬಂತು. ಕರೆಂಟ್ ಆಫೀಸಿನಲ್ಲಿ ಸವೆಸಿದ ಅಷ್ಟೂ ವರ್ಷಗಳ ಅನುಭವ ಮುಖದ ಮೇಲೆ ಮೂಡಿತು. ಎರಡೂ ಕೈ ಎತ್ತಿ ಕಾರನ್ನು ತಡೆದು, ಕಿಟಕಿಯ ಹತ್ತಿರ ಬಗ್ಗಿದರು.

"ಕವಿತಮ್ಮ, ಒಂದು ನಿಮಿಷ. ಚಿಂತಾಮಣಿ ಕಡೆ ಬೆಳಗ್ಗೆ ಹೊತ್ತು ಕರೆಂಟ್ ತೆಗೀತಾರೆ. ದಾರಿ ಮಧ್ಯೆ ಕರೆಂಟ್ ಹೋಗಿಬಿಟ್ರೆ ಕಾರು ಅಲ್ಲೇ ನಿಂತುಬಿಡುತ್ತಾ?"

ಕವಿತ ಮೇಡಂ ಕನ್ನಡಕದ ಮೇಲಿನಿಂದ ಅವರನ್ನು ಒಮ್ಮೆ ನೋಡಿದರು.

"ಇಲ್ಲ ಸಾರ್. ನೀವು ಗೇಟಿಗೆ ಅಡ್ಡ ನಿಂತ್ರೆ ಮಾತ್ರ ನಿಲ್ಲುತ್ತೆ. ಸರೀರಿ, ಪ್ರೇಯರ್‌ಗೆ ಹೊತ್ತಾಯ್ತು."